ಹಳೆ ಹತ್ಯಾರನ್ನು ಉಜ್ಜುವ ಮೊದಲು

ಗ್ರೈಂಡರ್ ಮೆಶಿನಿಗೆ ತಂತಿ ಬ್ರಶ್ ಸಿಕ್ಕಿಸಿ ಮರ ಕೆತ್ತುವ ಅಜ್ಜನ ಕಾಲದ ಬಾಚಿಯನ್ನು ಉಜ್ಜುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗ ಉಡುಪಿ, ಮಂಗಳೂರಿನ ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತಾ ಉಂಟು. ಅಟ್ಟದಿಂದ ಕಾಲಲ್ಲಿ ಮೆಟ್ಟಿ ತರಕಾರಿ ಕೊಯ್ಯುವ ಒಂದು ಮೆಟ್ಟುಕತ್ತಿ, ನಾಲ್ಕು ಉಳಿ, ಮರಕ್ಕೆ ತೂತು ಕೊರೆಯುವ ಒಂದು ಬೈರಿಗೆ ಇಳಿಸುತ್ತಾರೆ. ಫಳಫಳ ಹೊಳೆಯುವ ತನಕ ತಿಕ್ಕುತ್ತಾರೆ. ಮೇಲೆ ವಾರ್ನಿಶ್ ಬಳಿದು ಚಾವಡಿಯ ಗೋಡೆಗೆ ತೂಗುತ್ತಾರೆ. ಒಂದು ಮಳೆಗಾಲ ಕಳೆಯಲಿ, ವಾರ್ನಿಶಿನ ಅಡಿಯಲ್ಲೇ ಕೆಂಪು ತುಕ್ಕು ಎಳೆ ಎಳೆಯಾಗಿ ಹರಡಿರುತ್ತದೆ. ಕೇಳಿದರೆ "ಹಳೆ ಕಬ್ಬಿಣ ಅಲ್ವಾ ಅಜ್ಜಿ, ಅದಕ್ಕೇ ಹಾಗೆ" ಅನ್ನುತ್ತಾರೆ. ಹಳೆ ಕಬ್ಬಿಣದ ತಪ್ಪಲ್ಲ ಮಕ್ಕಳೇ. ಅಷ್ಟು ವರ್ಷ ಅಟ್ಟದಲ್ಲಿ ಸರಿಯಾಗಿಯೇ ಇತ್ತಲ್ಲ ಅದು!

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಹಳೆ ಹತ್ಯಾರಿನ, ಅಂದರೆ ಕೆಲಸದ ಉಪಕರಣದ, ಮೇಲೆ ಒಂದು ಕಪ್ಪು ಪದರ ಇರುತ್ತದೆ. ಕುಲುಮೆಯ ಬೆಂಕಿಯಲ್ಲಿ ಬಂದದ್ದು ಸ್ವಲ್ಪ, ವರ್ಷಗಟ್ಟಲೆ ಕೈಯ ಜಿಡ್ಡು, ಎಣ್ಣೆ, ಹೊಗೆ ಕೂಡಿ ಬಂದದ್ದು ಸ್ವಲ್ಪ. ಅದು ಕೊಳೆ ಅಲ್ಲ. ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ತೇವವನ್ನು ಸುಲಭದಲ್ಲಿ ಒಳಗೆ ಬಿಡುವುದಿಲ್ಲ. ಕೆಂಪು ತುಕ್ಕಿನ ಗುಣ ಬೇರೆ. ಅದು ಪೊರೆ ಪೊರೆಯಾಗಿ ಏಳುತ್ತದೆ, ನೀರು ಹೀರಿ ಇಟ್ಟುಕೊಳ್ಳುತ್ತದೆ, ಒಳಗೊಳಗೆ ತಿನ್ನುತ್ತಾ ಹೋಗುತ್ತದೆ. ಕೆಂಪು ಹೋಗಬೇಕು, ಕಪ್ಪು ಉಳಿಯಬೇಕು. ತಂತಿ ಬ್ರಶ್ಶಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಅದು ಎರಡನ್ನೂ ಕಿತ್ತು ಕಬ್ಬಿಣವನ್ನು ಬೆತ್ತಲೆ ಮಾಡಿ ಬಿಡುತ್ತದೆ. ಜೊತೆಗೆ ಆಚಾರಿಯ ಸುತ್ತಿಗೆಯ ಗುರುತು, ಅವನು ಒತ್ತಿದ ಮುದ್ರೆ, ಹಿಡಿದು ಹಿಡಿದು ಸವೆದ ಜಾಗ ಎಲ್ಲ ಮಾಯ. ಮತ್ತೆ ಉಳಿದದ್ದೇನು? ಅಂಗಡಿಯಲ್ಲಿ ಹೊಸತೇ ಸಿಗುತ್ತದಲ್ಲ.

ನಮ್ಮದು ಕಡಲ ಬದಿ. ವರ್ಷಕ್ಕೆ 3500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮಳೆ ಇಲ್ಲದಾಗ ಉಪ್ಪಿನ ಗಾಳಿ. ಮಲ್ಪೆ, ಉಳ್ಳಾಲದವರು ತಮ್ಮ ಕಿಟಕಿ ಸರಳು ನೋಡಿದರೆ ಸಾಕು, ನಾನು ಹೇಳುವುದು ಬೇಡ. ಬೆಂಗಳೂರಿನವರು ಮೊಬೈಲಿನಲ್ಲಿ ತೋರಿಸುವ ಉಪಾಯ ಇಲ್ಲಿ ನಡೆಯುವುದಿಲ್ಲ.

ಆ ಉಪಾಯಗಳಲ್ಲಿ ದೊಡ್ಡದು ವಿನೆಗರ್. ರಾತ್ರಿ ನೆನೆಹಾಕಿ ಬೆಳಿಗ್ಗೆ ತೆಗೆಯಿರಿ ಅನ್ನುತ್ತಾರೆ. ಹುಳಿ ತುಕ್ಕನ್ನೂ ತಿನ್ನುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಎತ್ತಿದ ಕೂಡಲೇ ಅಡುಗೆ ಸೋಡ ಕಲಸಿದ ನೀರಿನಲ್ಲಿ ತೊಳೆದು ಒಣಗಿಸದಿದ್ದರೆ ನೋಡುತ್ತಾ ಇದ್ದ ಹಾಗೆ ಹೊಸ ತುಕ್ಕು ಏರುತ್ತದೆ. ಬಿಂಬುಳಿ ಅನ್ನುವ ಹುಳಿ ಕಾಯಿ, ಹುಣಸೆಹುಳಿ ಇರುವುದು ಹಿತ್ತಾಳೆಗೆ. ದೀಪ, ಗಿಂಡಿ ಬೆಳಗಲಿಕ್ಕೆ ಬಿಂಬುಳಿಯನ್ನು ಮೀರಿಸುವುದು ಇಲ್ಲ. ಕಬ್ಬಿಣದ ಹತ್ತಿರ ಅದನ್ನು ತರಬೇಡಿ. ಹೆಂಚಿನ ಪುಡಿಯೂ ಬೇಡ, ಗೀರು ಬೀಳುತ್ತದೆ. ಒಲೆಯ ಬೂದಿ ಹಾಕಿ ತಿಕ್ಕಿ ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ.

ಇನ್ನೊಂದು, ಆಯುಧ ಪೂಜೆ. ಪೂಜೆ ಮಾಡಿ, ಚೆನ್ನಾಗಿ ಮಾಡಿ. ಆದರೆ ಉಳಿ, ಬಾಚಿಗೆಲ್ಲ ನೀರಲ್ಲಿ ಕಲಸಿದ ಗಂಧ, ಕುಂಕುಮ ಇಟ್ಟು, ಮೇಲೆ ಒದ್ದೆ ಹೂ ಹಾಕಿ, ಲಿಂಬೆಹಣ್ಣು ಕೊಯ್ದು ಹಿಂಡಿ, ಎರಡು ದಿನ ಮುಟ್ಟದೆ ಬಿಡುತ್ತೀರಲ್ಲ, ಆ ಬೊಟ್ಟಿನ ಆಕಾರಕ್ಕೇ ಸರಿಯಾಗಿ ತುಕ್ಕು ಕೂತಿರುತ್ತದೆ. ನಮ್ಮ ಅತ್ತೆ ಬೊಟ್ಟನ್ನು ಮರದ ಹಿಡಿಗೆ ಮಾತ್ರ ಇಡುತ್ತಿದ್ದರು. ಹೂವನ್ನು ಹತ್ಯಾರಿನ ಎದುರು ಬಾಳೆಲೆಯಲ್ಲಿ ಇಡುತ್ತಿದ್ದರು. ದೇವರಿಗೆ ಅದರಿಂದ ಏನೂ ಕಮ್ಮಿ ಆಗಲಿಲ್ಲ.

ಈಗ ಉಮಿಕರಿ, ಅಂದರೆ ಭತ್ತದ ಉಮಿ ಸುಟ್ಟ ಕರಿಯ ವಿಷಯ. ನಾನು ಆಣೆ ಇಟ್ಟು ಹೇಳುವ ವಸ್ತು ಇದೊಂದೇ. ಹಿಂದೆ ಇದರಲ್ಲೇ ಹಲ್ಲು ಉಜ್ಜುತ್ತಿದ್ದೆವು. ಭತ್ತದ ಉಮಿಯಲ್ಲಿ ಮರಳಿನ ಅಂಶ ತುಂಬಾ ಉಂಟು, ಹಾಗಾಗಿ ತಿಕ್ಕುವ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದದ್ದು. ಸರಿಯಾಗಿ ಸುಟ್ಟು ಸೋಸಿದರೆ ಎಷ್ಟು ನಯ ಅಂದರೆ ತುಕ್ಕು ಬಿಡುತ್ತದೆ, ಕಪ್ಪು ನಿಲ್ಲುತ್ತದೆ.

ಅಕ್ಕಿ ಮಿಲ್ಲಿನಿಂದ ಒಂದು ಬುಟ್ಟಿ ಉಮಿ ತನ್ನಿ. ಗಾಳಿ ಇಲ್ಲದ ಬೆಳಿಗ್ಗೆ ನೋಡಿ ಅಂಗಳದ ಮೂಲೆಯಲ್ಲಿ ನಾಲ್ಕು ಕೆಂಡ ಹಾಕಿ, ಅದರ ಮೇಲೆ ಉಮಿಯನ್ನು ರಾಶಿ ಮಾಡಿ. ಊದಬೇಡಿ. ಉರಿ ಎದ್ದರೆ ಕೆಲಸ ಕೆಟ್ಟಿತು. ಅದು ಒಳಗಿಂದ ಹೊಗೆಯಾಡುತ್ತಾ ಮೆಲ್ಲ ಕಪ್ಪಾಗಬೇಕು. ಹತ್ತಿರವೇ ಕೂತುಕೊಳ್ಳಿ. ಕೋಲಿನಿಂದ ಬದಿಯ ಹಳದಿ ಉಮಿಯನ್ನು ನಡುವಿಗೆ ದೂಡುತ್ತಾ ಇರಿ. ಇಲ್ಲೇ ಈಗಿನವರು ತಪ್ಪುವುದು. ಬೆಂಕಿ ಹಾಕಿ ಒಳಗೆ ಹೋಗಿ ಮೊಬೈಲ್ ನೋಡುತ್ತಾರೆ, ಬರುವಾಗ ಎಲ್ಲ ಬಿಳಿ ಬೂದಿ. ಹಳದಿ ಮುಗಿದಿರಬೇಕು, ಬಿಳಿ ಶುರುವಾಗಿರಬಾರದು. ಆ ಹೊತ್ತಿಗೆ ನೀರು ಚಿಮುಕಿಸಿ ಪೂರ್ತಿ ಆರಿಸಿ, ಹರಡಿ ಬಿಸಿಲಿಗೆ ಬಿಡಿ. ಮುಷ್ಟಿಯಲ್ಲಿ ಹಿಡಿದರೆ ಗರಗರ ಸದ್ದು ಬರುವಷ್ಟು ಒಣಗಬೇಕು. ಒರಳಲ್ಲಿ ಕುಟ್ಟಿ, ಹಳೆ ಪಂಚೆ ಬಟ್ಟೆಯಲ್ಲಿ ಜಾಲಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಹುಡಿ ಎದೆಗೆ ಒಳ್ಳೆಯದಲ್ಲ. ಬಟ್ಟೆಯಿಂದ ಕೆಳಗೆ ಇಳಿದದ್ದು ಮಾತ್ರ ನಮಗೆ. ಚಿಟಿಕೆ ತೆಗೆದು ಹೆಬ್ಬೆರಳಿನ ಉಗುರಿನ ಮೇಲೆ ತಿಕ್ಕಿ ನೋಡಿ. ತರಿ ಸಿಕ್ಕಿದರೆ ಮತ್ತೊಮ್ಮೆ ಜಾಲಿಸಿ. ಉಗುರಿಗೆ ಸಿಕ್ಕುವ ತರಿ ಕಬ್ಬಿಣದಲ್ಲೂ ಗೀರು ಎಳೆಯುತ್ತದೆ.

ಉಜ್ಜಲಿಕ್ಕೆ ಸ್ಕ್ರಬ್ಬರ್ ಬೇಡ. ಒಣಗಿದ ತೆಂಗಿನ ಸಿಪ್ಪೆಯ ಅಂಗೈಯಗಲದ ತುಂಡು ತೆಗೆದುಕೊಂಡು ಒಂದು ತುದಿಯನ್ನು ಕಲ್ಲಿನಲ್ಲಿ ಜಜ್ಜಿ. ನಾರು ಬಿಚ್ಚಿಕೊಂಡ ಮೇಲೆ ಕತ್ತರಿಯಲ್ಲಿ ಸಮ ಮಾಡಿ. ಉಮಿಕರಿಗೆ ಹೊಲಿಗೆ ಮೆಶಿನಿನ ಎಣ್ಣೆ ಹನಿ ಹನಿಯಾಗಿ ಬಿಟ್ಟು ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಕಲಸಿ. ಹತ್ಯಾರಿನ ಉದ್ದಕ್ಕೆ ಉಜ್ಜಿ. ಬೆನ್ನಿನ ಕಡೆಯಿಂದ ಶುರು ಮಾಡಿ, ಬಾಯಿಯ ಹತ್ತಿರ ಬರುವಾಗ ಬೆರಳು ಹುಷಾರು. ಸುತ್ತು ಸುತ್ತು ತಿರುಗಿಸಬೇಡಿ, ವೃತ್ತದ ಗೆರೆ ಹಾಗೇ ಉಳಿಯುತ್ತದೆ. ಸಂದಿಗೆ ಬಿದಿರಿನ ಕಡ್ಡಿಯ ತುದಿ ಜಜ್ಜಿ ಬಳಸಿ. ಕೈಗೆ ಬಲ ಕೊಡುವುದು ಬೇಡ, ಹೊತ್ತು ಕೊಡಿ.

ಎಲ್ಲಿ ನಿಲ್ಲಿಸಬೇಕು ಅಂತ ಕೇಳುತ್ತಾರೆ. ಅದಕ್ಕೆ ಎರಡು ಬಟ್ಟೆ ಬೇಕು. ಒಂದರಲ್ಲಿ ಕರಿಯನ್ನೆಲ್ಲ ಒರಸಿ ತೆಗೆಯಿರಿ. ಇನ್ನೊಂದು ಶುದ್ಧ ಬಿಳಿ ಬಟ್ಟೆಗೆ ಎರಡು ಹನಿ ಎಣ್ಣೆ ಹಾಕಿ ಅದೇ ಜಾಗದಲ್ಲಿ ಒತ್ತಿ ಒರಸಿ. ಬಟ್ಟೆಯಲ್ಲಿ ಕಾವಿ ಬಣ್ಣ ಬಂದರೆ ಇನ್ನೂ ತುಕ್ಕು ಉಂಟು, ಮತ್ತೆ ಉಜ್ಜಿ. ಕಾವಿ ಬರುವುದು ನಿಂತಿತೋ, ಅಲ್ಲಿಗೆ ಕೈ ತೆಗೆಯಿರಿ. ಕಬ್ಬಿಣ ಕಪ್ಪಾಗಿಯೇ ಇರುತ್ತದೆ, ಅಲ್ಲಲ್ಲಿ ಕಂದು ಮಚ್ಚೆ, ಸಣ್ಣ ಗುಳಿ ಇರುತ್ತದೆ. ಇರಲಿ ಬಿಡಿ. ಹೊಳೆಯಲಿಲ್ಲ ಅಂತ ಮುಂದೆ ಹೋದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ವ್ಯರ್ಥ. ಬಾಯಿ ಹರಿತ ಮಾಡಲಿಕ್ಕೂ ಹೋಗಬೇಡಿ. ಗೋಡೆಯಲ್ಲಿ ಇರುವ ಕತ್ತಿಗೆ ಹರಿತ ಯಾಕೆ? ಮಕ್ಕಳಿರುವ ಮನೆ.

ಇದಾದ ಮೇಲೆ ಮೇಣ. ಪುತ್ತೂರು, ಸುಳ್ಯದ ಕಡೆ ಜೇನು ಸಾಕುವವರ ಹತ್ತಿರ ಕೇಳಿದರೆ ಜೇನುಮೇಣ ಸಿಗುತ್ತದೆ. ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಬೆಂಕಿಯ ಮೇಲೆ ಖಂಡಿತ ಇಡಬೇಡಿ, ಹತ್ತಿಕೊಳ್ಳುತ್ತದೆ. ಅದೇ ಹೊಲಿಗೆ ಮೆಶಿನಿನ ಎಣ್ಣೆ ಬೆರೆಸಿ. ತಣಿದ ಮೇಲೆ ಹೆಬ್ಬೆರಳು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಮೆತ್ತಿಕೊಳ್ಳಬಾರದು. ಹತ್ಯಾರನ್ನು ನಡು ಮಧ್ಯಾಹ್ನದ ಬಿಸಿಲಲ್ಲಿ ಇಟ್ಟು, ಮುಟ್ಟಿದರೆ ಬೆಚ್ಚಗಿರುವಾಗಲೇ ತೆಳ್ಳಗೆ ಹಚ್ಚಿ. ಕಬ್ಬಿಣ ತಣ್ಣಗಿದ್ದರೆ ಮೇಣ ಗಂಟು ಕಟ್ಟುತ್ತದೆ. ಆರಿದ ಮೇಲೆ ಹತ್ತಿ ಬಟ್ಟೆಯಲ್ಲಿ ಒರಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲಿ ಉಪ್ಪು ಉಂಟು. ಏಪ್ರಿಲ್, ಮೇ ತಿಂಗಳ ಬಿಸಿಲು ಇದಕ್ಕೆ ಸರಿಯಾದ ಕಾಲ. ಜುಲೈ, ಆಗಸ್ಟಿನ ಆಟಿ ತಿಂಗಳಲ್ಲಿ ಬಿಸಿಲು ಬಿದ್ದ ದಿನ ಒಮ್ಮೆ ಇಳಿಸಿ ನೋಡಿ, ನವರಾತ್ರಿಗೆ ಮೊದಲು ಇನ್ನೊಮ್ಮೆ.

ತೆಂಗಿನೆಣ್ಣೆ ಸಾಲದಾ ಅಂತ ಕೇಳಬೇಡಿ. ದಿನಾ ಬಳಸುವ ಕತ್ತಿಗೆ ಸಾಕು. ತೂಗಿಡುವ ಹತ್ಯಾರಿಗೆ ಹಚ್ಚಿದರೆ ಧೂಳು ಹಿಡಿಯುತ್ತದೆ, ಕಮಟು ವಾಸನೆ ಬರುತ್ತದೆ, ಇರುವೆ ಬರುತ್ತದೆ.

ಎಣ್ಣೆ ಅಂದಾಗ ನೆನಪಾಯಿತು. ಕಬ್ಬಿಣದ ದೋಸೆ ಕಾವಲಿಯನ್ನು ಸೋಪು ಹಾಕಿ ತಿಕ್ಕಿ ಸಿಂಕಿನಲ್ಲಿ ಒದ್ದೆಯಾಗಿ ಬಿಡುತ್ತೀರಿ, ಮರುದಿನ ದೋಸೆ ಏಳುವುದಿಲ್ಲ ಅಂತ ಹಿಟ್ಟಿಗೆ ಬೈಯುತ್ತೀರಿ. ಕಾವಲಿಯ ಕಪ್ಪೂ ಹಾಗೆ ಎಣ್ಣೆ ಸುಟ್ಟು ಸುಟ್ಟು ಕೂತದ್ದು. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರಸಿ, ಒಂದು ಹನಿ ಎಣ್ಣೆ ಸವರಿ ಇಡಿ. ದೋಸೆ ಹೊಯ್ಯುವ ಮೊದಲು ಅರ್ಧ ನೀರುಳ್ಳಿಯಲ್ಲಿ ತಿಕ್ಕಿದರೆ ಸಾಕು.

ಮರದ ಹಿಡಿಗೆ ಬರುತ್ತೇನೆ. ನೀರು ಮುಟ್ಟಿಸಬೇಡಿ, ಬಿಸಿನೀರು ಅಂತೂ ಬೇಡವೇ ಬೇಡ. ಹಳೆ ಕತ್ತಿ, ಚೂರಿಗಳ ಹಿಡಿಯೊಳಗೆ ಕಬ್ಬಿಣದ ಬಾಲವನ್ನು ಅರಗು ಹಾಕಿ ಕೂರಿಸಿರುತ್ತಾರೆ. ಬಿಸಿಗೆ ಅರಗು ಮೆತ್ತಗಾಗಿ ಹಿಡಿ ಕಳಚಿ ಬರುತ್ತದೆ. ಅಗಸೆ ಎಣ್ಣೆ ತೆಳ್ಳಗೆ ಉಜ್ಜಿದರೆ ಮರಕ್ಕೆ ಒಳ್ಳೆಯದು. ಆದರೆ ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಬೆಂಕಿ ಹಿಡಿಯುತ್ತದೆ. ಬಿಡಿಸಿ ಹೊರಗೆ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ ಬಿಸಾಡಿ. ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಹಚ್ಚಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ಮಾಡಿನ ಪಕ್ಕಾಸು, ತೊಲೆಗೆ ಗೆದ್ದಲು ಬಾರದ ಹಾಗೆ ಹಚ್ಚುವುದು. ನನ್ನ ತವರಿನಲ್ಲಿ ಅದನ್ನು ಹಚ್ಚಿದವರ ಕೈಯ ಚರ್ಮ ಸುಟ್ಟು ಬೊಕ್ಕೆ ಎದ್ದದ್ದು ಕಂಡಿದ್ದೇನೆ. ಹಿಡಿ ಅಂದರೆ ಕೈಯಿಂದ ಹಿಡಿಯುವ ಜಾಗ ಅಲ್ವಾ?

ಹಿಡಿಯಲ್ಲಿ ಸಣ್ಣ ತೂತು ಇದ್ದರೆ ಬಿಳಿ ಕಾಗದದ ಮೇಲೆ ಮೆಲ್ಲ ತಟ್ಟಿ. ಹೊಸ ಹುಡಿ ಬಿದ್ದರೆ ಹುಳ ಬದುಕಿದೆ. ಸಿರಿಂಜಿನಲ್ಲಿ ಒಂದೊಂದೇ ತೂತಿಗೆ ಸೀಮೆಎಣ್ಣೆ ಬಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆಂಕಿಯಿಂದ ದೂರ ಇಡಿ. ಕೆಲವು ದಿನ ಬಿಟ್ಟು ಮತ್ತೆ ಹಾಗೇ ಮಾಡಿ. ಅದು ನಿಲ್ಲುವ ತನಕ ಬೇರೆ ಮರದ ಸಾಮಾನಿನ ಹತ್ತಿರ ತರಬೇಡಿ.

ನಮ್ಮ ಹಿರಿಯರು ಹತ್ಯಾರು ಇಡುತ್ತಿದ್ದದ್ದು ಒಲೆಯ ಮೇಲಿನ ಅಟ್ಟದಲ್ಲಿ. ಕೆಳಗಿಂದ ದಿನಾ ಬಿಸಿ, ಹೊಗೆ. ಆಟಿಯ ಮಳೆಯಲ್ಲೂ ಅಲ್ಲಿ ತೇವ ನಿಲ್ಲುತ್ತಿರಲಿಲ್ಲ. ಭೂಮಿತಾಯಿಯ ಹಬ್ಬವಾದ ಕೆಡ್ಡಸದ ದಿನಗಳಲ್ಲಿ ಭೂಮಿಗೆ ಹಾರೆ ಹಾಕುವ ಹಾಗಿಲ್ಲ, ಗಿಡ ಕಡಿಯುವ ಹಾಗಿಲ್ಲ. ಆ ಬಿಡುವಿನಲ್ಲಿ ಅತ್ತೆ ಎಲ್ಲವನ್ನೂ ಇಳಿಸಿ ಹಿಡಿ ಸಡಿಲವಾಗಿದೆಯಾ ಅಂತ ಒಂದೊಂದನ್ನೂ ಅಲ್ಲಾಡಿಸಿ ನೋಡುತ್ತಿದ್ದರು. ಈಗ ಹೆಚ್ಚಿನ ಮನೆಗಳಲ್ಲಿ ಒಲೆಯೂ ಇಲ್ಲ, ಅಂಥ ಅಟ್ಟವೂ ಇಲ್ಲ. ಹಾಗಾಗಿ ಮನೆಯ ಒಳಗೋಡೆಯನ್ನೇ ಆರಿಸಿ. ಮಳೆ ಬಡಿಯುವ ಪಡುವಣ ಗೋಡೆ ಬೇಡ, ಬಚ್ಚಲಿನ ಗೋಡೆ ಬೇಡ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಗೋಡೆ ನೀರು ಕುಡಿಯುತ್ತದೆ. ಮರದ ಪಟ್ಟಿ ಹೊಡೆದು, ಹಿಂದೆ ಗಾಳಿ ಆಡುವ ಹಾಗೆ ತೂಗಿಸಿ. ಹಿತ್ತಾಳೆಯ ಕೊಕ್ಕೆ ಚಂದ ಕಾಣುತ್ತದೆ, ಆದರೆ ತೇವ ಇರುವಲ್ಲಿ ಹಿತ್ತಾಳೆ ತಾಗಿದ ಕಬ್ಬಿಣ ಬೇಗ ತುಕ್ಕಾಗುತ್ತದೆ. ಮರದ ಗೂಟ ಮಾಡಿಸಿ. ಚರ್ಮದ ಒರೆಯೊಳಗೆ ಚೂರಿ ಬಿಡಬೇಡಿ. ಗಾಜಿನ ಕಪಾಟು ಆದರೆ ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಹೇಗೆ ಜೋಡಿಸುವುದು ಅಂತ ನೋಡಬೇಕಾದರೆ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಪ್ರೊ. ತುಕಾರಾಂ ಪೂಜಾರಿಯವರು ಕಟ್ಟಿದ ತುಳು ಬದುಕು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆ ಮನೆಗಳನ್ನು ತಂದು ನಿಲ್ಲಿಸಿದ ಹಸ್ತಶಿಲ್ಪವೂ ಉಂಟು.

ಅಕ್ಕಿ ಅಳೆಯುವ ಹಳೆ ಸೇರು, ಪಾವು ಸಿಕ್ಕಿದರೆ ತೂತು ಕೊರೆದು ಲೈಟು ಹಾಕಬೇಡಿ ದಮ್ಮಯ್ಯ! ಹುಲ್ಲಿನಲ್ಲಿ ಕಟ್ಟಿದ ಒಂದು ಮುಡಿ ಅಕ್ಕಿಗೆ 42 ಸೇರು ಅಂತ ಅಳೆದ ಸೇರು ಅದು. 1956ರಲ್ಲಿ ಮೆಟ್ರಿಕ್ ಅಳತೆಯ ಕಾನೂನು ಬಂದ ಮೇಲೆ ಎಷ್ಟೋ ಸೇರು ಗುಜರಿಗೆ ಹೋದವು. ಬಾಯಿಯ ಹತ್ತಿರ ಮುದ್ರೆ ಒತ್ತಿದ್ದರೆ ಅಲ್ಲಿ ಉಮಿಕರಿಯೂ ಬೇಡ, ಬರೇ ಎಣ್ಣೆ ಬಟ್ಟೆ ಸಾಕು. ಮತ್ತೆ ನೂರು ವರ್ಷ ದಾಟಿದ ವಸ್ತುವನ್ನು ದುಬೈಯ ಮಗನ ಮನೆಗೆ ಅಂತ ಸುಮ್ನೆ ಪೆಟ್ಟಿಗೆಯಲ್ಲಿ ಹಾಕಬೇಡಿ. 1972ರ ಪುರಾತನ ವಸ್ತುಗಳ ಕಾನೂನು ಉಂಟು, ಮೊದಲು ವಿಚಾರಿಸಿ.

ಕೊನೆಗೆ ಚೀಟಿ. ಯಾರ ಮನೆಯದು, ಯಾವ ಊರು, ಯಾರು ಬಳಸುತ್ತಿದ್ದರು, ಎಂತ ಕೆಲಸಕ್ಕೆ, ಇಷ್ಟನ್ನು ದಪ್ಪ ಕಾಗದದಲ್ಲಿ ಬರೆದು ಹತ್ತಿ ನೂಲಿನಿಂದ ಹಿಡಿಗೆ ಕಟ್ಟಿ. ಸ್ಟಿಕ್ಕರ್ ಅಂಟಿಸಬೇಡಿ, ಅದರ ಅಂಟು ಬಿಡಿಸಲಿಕ್ಕೆ ಹೋದರೆ ಕಪ್ಪು ಪದರವೂ ಕಿತ್ತು ಬರುತ್ತದೆ. ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹರಡಿ ಓದಲಿಕ್ಕೆ ಬಾರದ ಹಾಗೆ ಆಗುತ್ತದೆ.