ಮೊದಲು ಪಡುವಣಕ್ಕೆ ನಿಲ್ಲಿಸಿ

ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಆದಿಸಭೆಯ, ಅಂದರೆ ಮೊದಲ ಶತಮಾನಗಳ ಕ್ರೈಸ್ತರ, ದೀಕ್ಷಾಸ್ನಾನದ (ಬ್ಯಾಪ್ಟಿಸಮ್ಮಿನ) ಪಾಠ ಮಾಡುವವರಿಗೆ ನನ್ನದೊಂದೇ ಮಾತು: ಅರ್ಥ ಹೇಳುವ ಅವಸರ ಬೇಡ. ಮೊದಲ ವರ್ಷ ನಾನು ಬೋರ್ಡಿನ ತುಂಬ ಅರ್ಥ ಬರೆದೆ, ಹಿಂದಿನ ಬೆಂಚಿನವರು ಆಕಳಿಸಿದರು. ನಾಲ್ಕನೇ ಶತಮಾನದ ಜೆರುಸಲೇಮಿನ ಪದ್ಧತಿ ಓದಿದ ಮೇಲೆ ಬುದ್ಧಿ ಬಂತು. ಅಲ್ಲಿ ವಾರಗಟ್ಟಲೆ ಉಪವಾಸ, ವಿಶ್ವಾಸಪ್ರಮಾಣದ (ನಂಬಿಕೆಯ ಸಾರ ಹೇಳುವ ಮಾತುಗಳ) ಪಾಠ ಎಲ್ಲ ಮೊದಲೇ. ಸ್ನಾನದ ಅರ್ಥದ ಗುಟ್ಟು ಮಾತ್ರ ಸ್ನಾನ ಆದ ಮೇಲೆ, ಈಸ್ಟರ್ ಕಳೆದು.

ಹಾಗೇ ನಾವೂ ಮೊದಲು ಮಕ್ಕಳಿಂದ ಅಭಿನಯ ಮಾಡಿಸೋಣ. ಬೆಂಚು ಸರಿಸಿ, ಪಡುವಣ ಯಾವುದೆಂದು ನೋಡಿಟ್ಟುಕೊಳ್ಳಿ. (ಒಮ್ಮೆ ನಾನು ದಕ್ಷಿಣಕ್ಕೆ ನಿಲ್ಲಿಸಿಬಿಟ್ಟಿದ್ದೆ, ಕಿಟಕಿಯ ಎಳೆಬಿಸಿಲು ತೋರಿಸಿ ಹುಡುಗಿಯೊಬ್ಬಳು ತಿದ್ದಿದಳು.) ಎಲ್ಲರೂ ಪಡುವಣಕ್ಕೆ ಮುಖ ಮಾಡಿ ಕೈ ಚಾಚಲಿ. ಅದು ಕತ್ತಲೆಯ ದಿಕ್ಕು. ಜೆರುಸಲೇಮಿನಲ್ಲಿ ದೀಕ್ಷೆ ಪಡೆಯುವವರು ಸೈತಾನ ಎದುರಿಗೇ ನಿಂತಿದ್ದಾನೆ ಅನ್ನುವ ಹಾಗೆ ಅವನ ಮುಖಕ್ಕೇ ಹೇಳಿ ಅವನನ್ನು ತೊರೆಯುತ್ತಿದ್ದರು. ಆಮೇಲೆ ಮೂಡಣಕ್ಕೆ ತಿರುಗಿಸಿ, ನಂಬಿಕೆಯ ಮಾತು ಹೇಳಿಸಿ. ಈ ತಿರುಗುವಿಕೆಗೆ ಸಮಯ ಕೊಡಿ. ನಗುವವರು ನಗಲಿ, ಎರಡನೇ ಸಲಕ್ಕೆ ತಾವಾಗಿಯೇ ಸುಮ್ಮನಾಗುತ್ತಾರೆ.

ಅಲ್ಲಿಯವರು ಉಡುಪು ಕಳಚಿ ಅಡಿಯಿಂದ ಮುಡಿಯವರೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ನಮಗೆ ಚಪ್ಪಲಿ ಕಳಚಿದರೆ ಸಾಕು, ಬೆರಳ ತುದಿಗೊಂದು ತೊಟ್ಟು ಕೊಬ್ಬರಿ ಎಣ್ಣೆ. ನೀರು ಖಂಡಿತ ಬೇಡ, ಸಂಸ್ಕಾರವನ್ನು ಆಟ ಮಾಡಬಾರದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕೊಳ ಬರೆದು, ಅವರು ಮೂರು ಸಲ ಮುಳುಗಿದ ಹಾಗೆ ಮೂರು ಸಲ ಕೂರಿಸಿ ಏಳಿಸಿ.

'ಹೊಳೆಯೇ ಆಗಬೇಕಾ ಟೀಚರ್?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ 'ದಿದಾಖೆ' ಎಂಬ ಪುರಾತನ ಕ್ರೈಸ್ತ ಕೈಪಿಡಿಯಲ್ಲಿದೆ: ಹರಿಯುವ ನೀರು ಒಳ್ಳೆಯದು, ಇಲ್ಲವೆಂದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಯಾವುದೂ ಇಲ್ಲವೆಂದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ.

ಕೊನೆಗೆ ಚಮಚ ಹಾಲು-ಜೇನು ಕೊಡಿ. ಇದು ಜೆರುಸಲೇಮಿನದ್ದಲ್ಲ, ಉತ್ತರ ಆಫ್ರಿಕಾದ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಬರೆದಿಟ್ಟ ರೂಢಿ. ಆಮೇಲೆ ಒಂದು ವಾರ ದಿನದ ಸ್ನಾನ ಬಿಡುತ್ತಿದ್ದರು ಎಂದೂ ಅವನೇ ಹೇಳುತ್ತಾನೆ. ನನ್ನ ಹುಡುಗರಿಗೆ ಇಡೀ ಪಾಠದಲ್ಲಿ ನೆನಪುಳಿಯುವುದು ಇದೊಂದೇ.

ಅರ್ಥ ಮುಂದಿನ ಭಾನುವಾರಕ್ಕೆ. ಮೂರು ಮುಳುಗು ಅಂದರೆ ಕ್ರಿಸ್ತನು ಸಮಾಧಿಯಲ್ಲಿದ್ದ ಮೂರು ದಿನ. ಜೆರುಸಲೇಮಿನ ಬಿಷಪ್ ಸಿರಿಲನ ಹೆಸರಿನಲ್ಲಿ ಉಳಿದಿರುವ ಉಪದೇಶದ ಪ್ರಕಾರ ಆ ನೀರೇ ಸಮಾಧಿ, ಆ ನೀರೇ ತಾಯಿ. ಆ ಕಾಲದಲ್ಲಿ ಜೆರುಸಲೇಮಿಗೆ ಯಾತ್ರೆ ಬಂದಿದ್ದ ಎಗೇರಿಯಾ ಎಂಬಾಕೆ ಬರೆಯುತ್ತಾಳೆ: ಬಾಗಿಲು ಮುಚ್ಚಿ ಬಿಷಪ್ ಇದನ್ನೆಲ್ಲ ಬಿಡಿಸಿ ಹೇಳುವಾಗ ಕೇಳುವವರ ಮೆಚ್ಚುಗೆಯ ಕೂಗು ಹೊರಗಿನವರಿಗೂ ಕೇಳಿಸುತ್ತಿತ್ತಂತೆ. ನಮ್ಮಲ್ಲಿ ಅಷ್ಟಿಲ್ಲ. ಆದರೂ ಪಕ್ಕದ ತರಗತಿಯ ಟೀಚರು ಎರಡು ಸಲ ಬಂದು ಬಾಗಿಲು ತಟ್ಟಿದ್ದಾರೆ.