ಸ್ಟ್ರಾಬೆರಿ ಎಲೆ ಹಳದಿಯಾಗಿದ್ದಕ್ಕೆ ನೀರೇ ಕಾರಣ

ತಾರಸಿಯ ಕುಂಡಗಳಲ್ಲಿ ಅಕ್ಟೋಬರ್‌ನಲ್ಲಿ ನೆಟ್ಟ ಸ್ಟ್ರಾಬೆರಿ ಡಿಸೆಂಬರ್ ಹೊತ್ತಿಗೆ ಸೊರಗತೊಡಗಿತು. ಹಳೆಯ ಎಲೆಗಳು ಹಸಿರಾಗಿಯೇ ಇದ್ದವು. ಹೊಸದಾಗಿ ಬಿಚ್ಚಿಕೊಂಡವು ಮಾತ್ರ ಹಳದಿ, ನರಗಳಷ್ಟೇ ಹಸಿರು. ನರ್ಸರಿಯವರು ಯೂರಿಯಾ ಹಾಕಿ ಎಂದರು. ನಾನು ಒಪ್ಪಲಿಲ್ಲ. ಸಾರಜನಕ ಸಾಲದಿದ್ದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಎಳೆಯ ಎಲೆ ಹೀಗಾದರೆ ಕಬ್ಬಿಣದ ಕೊರತೆಯನ್ನು ಶಂಕಿಸಬೇಕು.

ಕುಂಡದ ಅಂಚಿನಲ್ಲಿ ಕಟ್ಟಿದ್ದ ಬಿಳಿ ಪುಡಿ ಸುಳಿವು ಕೊಟ್ಟಿತು. ನಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರು. ಬೆಂಗಳೂರಿನಲ್ಲಿ ಗೀಸರ್ ಬಿಚ್ಚಿ ನೋಡಿದವರಿಗೆ ಅದರ ಗಡಸುತನ ಹೇಳಬೇಕಾಗಿಲ್ಲ. ಅದರಲ್ಲಿನ ಬೈಕಾರ್ಬನೇಟ್ ಮಣ್ಣನ್ನು ಕ್ಷಾರೀಯವಾಗಿಸುತ್ತಾ ಹೋಗುತ್ತದೆ. ಸ್ಟ್ರಾಬೆರಿಗೆ ಹಿಡಿಸುವ ಪಿಎಚ್ (ಆಮ್ಲ-ಕ್ಷಾರದ ಅಳತೆ) 5.5ರಿಂದ 6.5, ನನ್ನ ಕುಂಡ 8ರ ಹತ್ತಿರ ತೋರಿಸಿತು. ಅಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ.

ಗಿಡಗಳನ್ನು ಕಿತ್ತು, ತೊಳೆದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಬೆರೆಸಿದ ಹೊಸ ಮಿಶ್ರಣಕ್ಕೆ ಬದಲಿಸಿದೆ. ಎಲೆಗಳು ಹೊರಡುವ ಬುಡದ ಗಂಟು ಮಣ್ಣಿನ ಮಟ್ಟದಲ್ಲೇ ಇರಬೇಕು, ಹೂತುಹೋದರೆ ಕೊಳೆಯುತ್ತದೆ. ಸಂಪಿನಲ್ಲಿ ಹಿಡಿದಿಟ್ಟ ಮಳೆನೀರನ್ನು ಸ್ಟ್ರಾಬೆರಿಗೆಂದೇ ಮೀಸಲಿಟ್ಟೆ. ಬಟ್ಟೆಗೆ ಬೋರ್‌ವೆಲ್ ನೀರೇ ಸಾಕು ಎಂಬ ನನ್ನ ವಾದ ಮನೆಯಲ್ಲಿ ಸುಲಭಕ್ಕೆ ಗೆಲ್ಲಲಿಲ್ಲ. ಜೊತೆಗೆ ಕಬ್ಬಿಣದ ಚೀಲೇಟ್, ಅಂದರೆ ಕಬ್ಬಿಣವನ್ನು ಬೇರಿಗೆ ದಕ್ಕುವಂತೆ ಹಿಡಿದಿಡುವ ಗೊಬ್ಬರವನ್ನು, ಇಡಿಡಿಎಚ್‌ಎ ಎಂಬ ರೂಪದಲ್ಲಿ ನೀರಿನಲ್ಲಿ ಕರಗಿಸಿ ಬುಡಕ್ಕೆ ಹಾಕಿದೆ. ಅಗ್ಗದ ಇಡಿಟಿಎ ರೂಪ ಕ್ಷಾರೀಯ ಮಣ್ಣಿನಲ್ಲಿ ನಿಲ್ಲುವುದಿಲ್ಲ, ದುಡ್ಡು ದಂಡ. ಆಮೇಲೆ ಬಂದ ಎಲೆಗಳೆಲ್ಲ ಹಸಿರಾಗಿಯೇ ಬಿಚ್ಚಿಕೊಂಡವು. ತೀರಾ ಬಿಳಿಚಿದ್ದ ಎಲೆಗಳನ್ನು ಕತ್ತರಿಸಿ ಎಸೆದೆ.