ಸ್ಪಿತಿಯ ಹಳ್ಳಿ ಮನೆಗಳಲ್ಲಿ ಏಳು ರಾತ್ರಿ

ಹಿಮಾಚಲದ ಸ್ಪಿತಿ ಕಣಿವೆಗೆ ಮೊದಲ ಸಲ ಹೋದಾಗ ನಾನು ಹೆಚ್ಚು ಹೊತ್ತು ನೋಡಿದ್ದು ಒಂದು ಪ್ಲಾಸ್ಟಿಕ್ ಬಕೆಟ್ಟನ್ನು. ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರ ಆರು ದಿನದ ಪ್ಯಾಕೇಜ್ ಅದು. ಮನಾಲಿಯಿಂದ ಬೆಳಗಿನ ಜಾವ ಹೊರಡಿಸಿ, ನಾಲ್ಕೂವರೆ ಸಾವಿರ ಮೀಟರ್ ದಾಟುವ ಕುಂಜುಮ್ ಪಾಸ್ ಹತ್ತಿಸಿ ಇಳಿಸಿ, ಅದೇ ರಾತ್ರಿ ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ತಂದು ಹಾಕಿದರು. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ, ಕಾಜಾ ಸುಮಾರು 3,650ರಲ್ಲಿ. ಒಂದೇ ದಿನಕ್ಕೆ ಅಷ್ಟು ಮೇಲೆ. ರಾತ್ರಿಯೆಲ್ಲ ತಲೆ ಒಡೆದು ಹೋಗುವಂಥ ನೋವು, ವಾಂತಿ. ಮಾರನೇ ದಿನ ಡ್ರೈವರ್ರೇ ಕರುಣೆಯಿಂದ ನನ್ನನ್ನು ಕೆಳಗೆ ತಾಬೋಗೆ ಕರೆದುಕೊಂಡು ಹೋದರು. ನಾನೂರು ಮೀಟರ್ ಇಳಿದಿದ್ದಕ್ಕೇ ಮಧ್ಯಾಹ್ನದ ಹೊತ್ತಿಗೆ ಹಸಿವಾಯಿತು. ಪ್ಯಾಕೇಜ್ ಅಲ್ಲಿಗೆ ಮುಗಿಯಿತು.

ಮೂರು ವರ್ಷ ಬಿಟ್ಟು ಮತ್ತೆ ಹೋದೆ. ಈ ಸಲ ಜೊತೆಗೆ ನನ್ನ ವಾರಗಿತ್ತಿ. ನನಗೆ 56, ಹೈಸ್ಕೂಲ್ ಟೀಚರ್ ಕೆಲಸದಿಂದ ಸ್ವಲ್ಪ ಬೇಗನೇ ನಿವೃತ್ತಿ ತಗೊಂಡವಳು. ಅವಳಿಗೆ 51. ಇಬ್ಬರೂ ತಿಪಟೂರಿನವರು, ಅಂದರೆ ಗುಡ್ಡ ಹತ್ತಿದ ಅಭ್ಯಾಸ ಅಷ್ಟಕ್ಕಷ್ಟೇ. ಮೂರು ತಿಂಗಳು ದಿನಾ ಬೆಳಿಗ್ಗೆ ಒಂದೂವರೆ ಗಂಟೆ ನಡೆದೆವು. ಬೆನ್ನಿಗೆ ಬ್ಯಾಗು, ಅದರೊಳಗೆ ಐದು ಕೆಜಿ ಅಕ್ಕಿ. ಬೀದಿಯಲ್ಲಿ ಜನ ನಕ್ಕರು, ನಗಲಿ.

ನಮ್ಮ ಯೋಜನೆಯಲ್ಲಿ ಶಿಖರ ಯಾವುದೂ ಇರಲಿಲ್ಲ. ಊರಿಂದ ಊರಿಗೆ ನಡೆಯುವುದು, ಹಳ್ಳಿಯವರ ಮನೆಯಲ್ಲೇ ಮಲಗುವುದು. ಲಾಂಗ್ಜಾ, ಹಿಕ್ಕಿಮ್, ಕೋಮಿಕ್, ದೇಮುಲ್, ಲಾಲುಂಗ್, ಧನಕರ್. ನಡಿಗೆ ಒಟ್ಟು ಸುಮಾರು 50 ಕಿ.ಮೀ. ಇರಬಹುದು ಅಷ್ಟೇ. ಲಾಂಗ್ಜಾದ ಒಬ್ಬ ಹುಡುಗನನ್ನು ಗೈಡ್ ಆಗಿ ಫೋನಿನಲ್ಲೇ ಗೊತ್ತು ಮಾಡಿಕೊಂಡೆವು. ಲಗೇಜಿಗೆ ಒಂದು ಕತ್ತೆ ಬರುತ್ತದೆ ಅಂದ. ನಾನು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ದೂರ ನಡೆಸ್ತೀಯಪ್ಪಾ ಅಂತ. ಅವನು ವಾಪಸ್ ಕೇಳಿದ, "ಆಂಟಿ, ಕಾಜಾಕ್ಕೆ ಯಾವ ದಾರೀಲಿ ಬರ್ತೀರಾ?" ಆಗಲೇ ಇವನು ಸರಿಯಾದ ಮನುಷ್ಯ ಅನ್ನಿಸಿತು.

ದಾರಿ ಶಿಮ್ಲಾ ಕಡೆಯಿಂದ. ಶಿಮ್ಲಾದಲ್ಲಿ ಒಂದು ರಾತ್ರಿ, ಕಿನ್ನೌರಿನ ಕಲ್ಪಾದಲ್ಲಿ ಎರಡು, ತಾಬೋದಲ್ಲಿ ಒಂದು, ಕಾಜಾದಲ್ಲಿ ಎರಡು. ರಜೆ ದಂಡ ಅಂತ ಮನೆಯಲ್ಲಿ ಗೊಣಗಿದರು. ಆದರೆ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬಾರದು ಅನ್ನುವುದು ಡಾಕ್ಟರುಗಳೇ ಹೇಳುವ ಲೆಕ್ಕ. ಕಾಜಾದಿಂದ ಲಾಂಗ್ಜಾಕ್ಕೆ ಒಂದೇ ನೆಗೆತಕ್ಕೆ 750 ಮೀಟರ್. ಅದಕ್ಕೇ ಕೆಳಗೆ ಒಂದು ರಾತ್ರಿ ಹೆಚ್ಚಿಗೆ, ಮೇಲೆ ಇನ್ನೊಂದು ರಾತ್ರಿ ಹೆಚ್ಚಿಗೆ. ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆಯನ್ನು ನಮ್ಮ ಡಾಕ್ಟರನ್ನು ಕೇಳಿಯೇ ತಗೊಂಡೆವು. ಸಲ್ಫಾ ಅಲರ್ಜಿ ಇದ್ದವರು ವಿಶೇಷವಾಗಿ ಕೇಳಬೇಕು. ತಾಬೋದ ವಿಹಾರ ಕ್ರಿ.ಶ. 996ರದ್ದು. ಹೋದ ಸಲ ಅದರ ಗೋಡೆಗೆ ಒರಗಿಕೊಂಡು ಕೂತಿದ್ದವಳು ಈ ಸಲ ಒಳಗೆ ಹೋಗಿ ಚಿತ್ರ ನೋಡಿದೆ.

ಸೆಪ್ಟೆಂಬರ್ ಮೊದಲ ವಾರ. ಲಾಂಗ್ಜಾವರೆಗೆ ಗಾಡಿ. 4,400 ಮೀಟರ್ ಎತ್ತರದ ಊರು. ಮಣ್ಣಿನ ಮನೆಗಳು, ಸುಣ್ಣ ಬಳಿದ ಗೋಡೆ, ಕಿಟಕಿ ಸುತ್ತ ಕಪ್ಪು ಪಟ್ಟಿ, ಮಾಳಿಗೆ ಅಂಚಿಗೆಲ್ಲ ಒಣ ಪುಳ್ಳೆ ಒಟ್ಟಿದ್ದಾರೆ. ಊರ ಮೇಲೆ ಕಣಿವೆ ಕಡೆ ಮುಖ ಮಾಡಿ ಕೂತ ಬುದ್ಧ. ಅವನ ಹಿಂದೆ ಚಾವ್ ಚಾವ್ ಕಾಂಗ್ ನಿಲ್ದಾ, 6,300 ಮೀಟರ್ ಮೇಲಿನ ಹಿಮದ ಗುಡ್ಡ. ನಮ್ಮನ್ನು ಇಳಿಸಿಕೊಂಡ ಮನೆಯೊಡತಿಯನ್ನು ಎಲ್ಲರೂ "ಆಮಾ" ಅನ್ನುತ್ತಿದ್ದರು. ನಮಗೂ ಅದು ಸಲೀಸಾಯಿತು, ಅಮ್ಮ ಅಂದರೂ ಓ ಅನ್ನುತ್ತಿದ್ದಳು.

ಮೊದಲ ಸಂಜೆ ಬಚ್ಚಲಿಗೆ ಹೋಗಬೇಕು ಅಂದಾಗ ಮೇಲಿನ ಅಂತಸ್ತು ತೋರಿಸಿದಳು. ಅದನ್ನು ಹೇಳಲೇಬೇಕು, ಹೋಗುವವರು ಬಹಳ ಜನ ಇದಕ್ಕೇ ಹೆದರುತ್ತಾರೆ. ಒಂದು ಸಣ್ಣ ಕೋಣೆ. ನೆಲದ ನಡುವೆ ಉದ್ದನೆಯ ಕಿಂಡಿ. ಮೂಲೆಯಲ್ಲಿ ಒಣ ಮಣ್ಣು, ಬೂದಿಯ ರಾಶಿ, ಒಂದು ಸಲಿಕೆ. ಕೆಲಸ ಮುಗಿದ ಮೇಲೆ ಒಂದು ಸಲಿಕೆ ಮಣ್ಣು ಕಿಂಡಿಗೆ ತಳ್ಳಬೇಕು. ನೀರು ಹಾಕಬಾರದು. ಕೆಳಗಿನ ಕೋಣೆಯಲ್ಲಿ ಅದು ಗೊಬ್ಬರವಾಗಿ ಬೇಸಿಗೆಗೆ ಹೊಲ ಸೇರುತ್ತದೆ. ವಾಸನೆ? ನಮ್ಮ ಬಸ್ ಸ್ಟ್ಯಾಂಡಿಗೆ ಹೋಲಿಸಿದರೆ ಏನೂ ಇಲ್ಲ. ಚಳಿಗಾಲದಲ್ಲಿ ಪೈಪಿನ ನೀರೇ ಗಟ್ಟಿಯಾಗುವ ಊರಲ್ಲಿ ಇದಕ್ಕಿಂತ ಬುದ್ಧಿವಂತ ಏರ್ಪಾಡು ನನಗಂತೂ ಹೊಳೆಯುವುದಿಲ್ಲ. ಬಳಸಿದ ಟಿಶ್ಯೂ, ಪ್ಯಾಡುಗಳನ್ನು ಮಾತ್ರ ಕಿಂಡಿಗೆ ಹಾಕಬೇಡಿ, ಕವರಿನಲ್ಲಿ ಕಟ್ಟಿ ವಾಪಸ್ ತನ್ನಿ.

ಎರಡನೇ ದಿನ ಸುಮ್ನೆ ಊರ ಸುತ್ತ ಅಡ್ಡಾಡಿದೆವು. ಹಳ್ಳದ ಹತ್ತಿರ ಗೈಡ್ ಬಗ್ಗಿ ಒಂದು ಕರಿ ಕಲ್ಲು ತೆಗೆದು ನನ್ನ ವಾರಗಿತ್ತಿ ಕೈಗಿಟ್ಟ. ನಿಂಬೆಹಣ್ಣಿನ ಗಾತ್ರ, ಒಂದು ಕಡೆ ಒಡೆದಿತ್ತು. ಒಳಗೆ ಸುರುಳಿ, ಅದಕ್ಕೆ ಅಡ್ಡಡ್ಡ ಗೆರೆ. ಅವಳು ಒಂದು ನಿಮಿಷ ಮಾತಾಡಲಿಲ್ಲ.

"ಅಕ್ಕಾ, ಇದು ಮಾವನವರ ಪೆಟ್ಟಿಗೇಲಿದ್ದ ಸಾಲಿಗ್ರಾಮ ಅಲ್ವಾ?"

ಹೌದು, ಅದೇ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮವೂ ಇದೂ ಒಂದೇ ಜಾತಿ. ಹಿಮಾಲಯ ಏಳುವ ಮುಂಚೆ ಇಲ್ಲಿದ್ದ ಟೆಥಿಸ್ ಸಮುದ್ರದ ಜೀವಿ, ಅಮೋನೈಟ್. ಕೋಟಿಗಟ್ಟಲೆ ವರ್ಷ ಕೆಸರಲ್ಲಿ ಹೂತು ಕಲ್ಲಾದದ್ದು. ಸ್ಕೂಲಿನಲ್ಲಿ ಇದನ್ನೇ ಪಾಠ ಮಾಡಿದ್ದೆ, ಬೋರ್ಡಿನ ಮೇಲೆ ಸುರುಳಿ ಬರೆದು. ಮನೆಯಲ್ಲಿ ಮಾತ್ರ ಮಾವನವರು ಪೂಜೆ ಮಾಡುತ್ತಿದ್ದ ಆ ಕಲ್ಲನ್ನು ಹೆಂಗಸರು ಮುಟ್ಟುವ ಹಾಗಿರಲಿಲ್ಲ. ಮೂವತ್ತು ವರ್ಷ ಅದರ ಮುಂದೆ ರಂಗೋಲಿ ಹಾಕಿದ್ದೇವೆ, ಬೆಳ್ಳಿ ಪೆಟ್ಟಿಗೆ ಉಜ್ಜಿದ್ದೇವೆ, ಅಷ್ಟೇ. ಅವಳು ಅದನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡಳು, ಉಗುರಿಂದ ಗೆರೆ ಮುಟ್ಟಿ ನೋಡಿದಳು, ನನಗೂ ಕೊಟ್ಟಳು. ಊರಿಗೆ ಒಯ್ಯಲಾ ಅಂತ ಕೇಳಿದಳು. ಬೇಡ ಆಂಟಿ, ಬಂದವರೆಲ್ಲ ಒಂದೊಂದು ಒಯ್ದರೆ ನಮ್ಮ ಊರಲ್ಲಿ ಉಳಿಯೋದೇನು ಅಂದ. ತಿರುಗಿ ಅದೇ ಹಳ್ಳದ ಬದಿ ಇಟ್ಟು ಬಂದೆವು. ಮಕ್ಕಳು ಮಾರಲು ತಂದರೂ ಕೊಳ್ಳಬೇಡಿ.

ಆ ರಾತ್ರಿ ನನಗೆ ಸಣ್ಣಗೆ ತಲೆನೋವು ಶುರುವಾಯಿತು. ಹಳೇ ಬಕೆಟ್ಟು ನೆನಪಾಗಿ, ಹೇಳಿದರೆ ಕೆಳಗಿಳಿಸಿಬಿಡುತ್ತಾನೆ ಅಂತ ಬಾಯಿ ಮುಚ್ಚಿಕೊಂಡೆ. ವಾರಗಿತ್ತಿಯೇ ಹೋಗಿ ಹೇಳಿದಳು. ಗೈಡ್ ಬಂದು ಮೂರು ಪ್ರಶ್ನೆ ಕೇಳಿದ: ಊಟ ಸೇರಿತಾ, ವಾಂತಿ ಬರೋ ಹಾಗಿದೆಯಾ, ಒಂದು ಗೆರೆ ಹಿಡಿದು ನೆಟ್ಟಗೆ ನಡೀತೀರಾ? ಒಲೆಯಿಂದ ಬಾಗಿಲವರೆಗೆ ನಡೆಸಿ ನೋಡಿದ. ಆಕ್ಸಿಮೀಟರ್ 84 ತೋರಿಸಿತು, ಆ ಎತ್ತರಕ್ಕೆ ಅದು ಗಾಬರಿಯ ಸಂಖ್ಯೆ ಅಲ್ಲ. ಒಂದು ಲೀಟರ್ ಬಿಸಿ ನೀರು ಕುಡಿಸಿ, ಬೆಳಿಗ್ಗೆಯೂ ನೋವಿದ್ದರೆ ಮುಂದಕ್ಕಿಲ್ಲ, ಕೆಳಕ್ಕೆ ಅಂದ. ಬೆಳಿಗ್ಗೆ ಇರಲಿಲ್ಲ. ಆದರೆ ಮುಚ್ಚಿಟ್ಟದ್ದು ಶುದ್ಧ ದಡ್ಡತನ. ಗೈಡ್ ಇರುವುದು ದಾರಿ ತೋರಿಸಲು ಅಂದುಕೊಂಡಿದ್ದೆ. ದಾರಿ ಕಣ್ಣಿಗೇ ಕಾಣುತ್ತದೆ. ಅವನಿಗೆ ದುಡ್ಡು ಕೊಡುವುದು ಇಂಥ ರಾತ್ರಿಗೆ.

ಲಾಂಗ್ಜಾದಿಂದ ಹಿಕ್ಕಿಮ್, ಅಲ್ಲಿಂದ ಕೋಮಿಕ್. ಹಿಕ್ಕಿಮ್‌ನಲ್ಲಿ 1983ರಿಂದ ನಡೆಯುತ್ತಿರುವ, ಎತ್ತರಕ್ಕೇ ಹೆಸರಾದ ಅಂಚೆ ಕಚೇರಿ ಇದೆ. ಕಾರುಗಳಲ್ಲಿ ಬಂದವರ ಕ್ಯೂ ನೋಡಿ ನಾವು ಮುಂದೆ ನಡೆದೆವು. ಕೋಮಿಕ್ 4,587 ಮೀಟರ್. ಅಲ್ಲಿ ಟಿಬೆಟಿಯನ್ ಬೌದ್ಧರ ಸಾಕ್ಯ ಪಂಥದ ಹಳೇ ಗೊಂಪಾ, ಅಂದರೆ ವಿಹಾರ ಇದೆ, ಗಾಳಿ ಇದೆ, ಬೇರೇನೂ ಇಲ್ಲ. ರಾತ್ರಿ ನಿದ್ದೆ ಹತ್ತಲಿಲ್ಲ.

ಕೋಮಿಕ್‌ನಿಂದ ದೇಮುಲ್‌ಗೆ ಸುಮಾರು 15 ಕಿ.ಮೀ. ಇಡೀ ಪ್ರವಾಸದಲ್ಲಿ ಕಷ್ಟದ ದಿನವೂ ಅದೇ, ಚೆಂದದ ದಿನವೂ ಅದೇ. ನಡಿಗೆಯ ವೇಗಕ್ಕೆ ಗೈಡ್ ಒಂದೇ ನಿಯಮ ಹೇಳಿದ್ದ: ಮೂಗಲ್ಲೇ ಉಸಿರಾಡಿ. ಬಾಯಿ ತೆರೆಯಬೇಕು ಅನ್ನಿಸಿದ ಕ್ಷಣ ನಿಲ್ಲಿ. ಮೊದಲ ಅರ್ಧ ಗಂಟೆ ಇದು ನಾಚಿಕೆಗೇಡು ಅನ್ನಿಸಿತು, ಮದುವೆ ದಿಬ್ಬಣದಲ್ಲಿ ನಡೆದ ಹಾಗೆ. ಹೆಜ್ಜೆ, ಉಸಿರು, ಹೆಜ್ಜೆ. ನಮ್ಮನ್ನು ಹಿಂದೆ ಹಾಕಿ ಹೋದ ನಾಲ್ಕು ಹುಡುಗರು ಏರಿನ ತುದಿಯಲ್ಲಿ ಅಂಗಾತ ಬಿದ್ದಿದ್ದರು. ನಾವು ಅದೇ ದಿಬ್ಬಣದ ನಡಿಗೆಯಲ್ಲಿ ಅವರನ್ನು ದಾಟಿದೆವು. ಮೇಲೆ ಹೋದರೆ ಮರ ಅಂತ ಒಂದೂ ಇಲ್ಲದ ಹಳದಿ ಹುಲ್ಲುಗಾವಲು. ದೂರದ ಇಳಿಜಾರಿನಲ್ಲಿ ಕಲ್ಲುಗಳೇ ಸರಿದಾಡಿದ ಹಾಗೆ ನೀಲಿ ಕುರಿಗಳ ಹಿಂಡು. ಮೂಗು ಒಣಗಿ ರಕ್ತ ಬರುತ್ತಿತ್ತು. ಊರಿನ ಕೊಬ್ಬರಿ ಎಣ್ಣೆ ತಂದಿದ್ದೆ, ಬಾಟಲಿಯಲ್ಲಿ ಮೇಣದ ಹಾಗೆ ಗಟ್ಟಿ. ಒಳಜೇಬಲ್ಲಿ ಇಟ್ಟುಕೊಂಡು ಕರಗಿಸಿ ಮೂಗಿಗೆ, ತುಟಿಗೆ ಹಚ್ಚಿಕೊಂಡೆವು. ಗೈಡೂ ಹಚ್ಚಿಕೊಂಡ.

ದೇಮುಲ್ ಹೊಲಗಳಲ್ಲಿ ಬಾರ್ಲಿ ಕೊಯ್ಲು ನಡೆದಿತ್ತು. ಊರ ಬಾಯಲ್ಲೇ ಒಂದು ಒಳ್ಳೇ ಮನೆ ಕಂಡಿತು, ಅಂಗಳದಲ್ಲಿ ಬಿಸಿಲು, ಕಿಟಕಿಯಲ್ಲಿ ಹೂವಿನ ಡಬ್ಬಿಗಳು. ಇಲ್ಲೇ ಇರೋಣ್ವಾ ಅಂದೆ. ಗೈಡ್ ನಕ್ಕ. "ಅವರ ಸರದಿ ಅಲ್ಲ ಆಂಟಿ." ಈ ಊರಲ್ಲಿ ಅತಿಥಿಗಳು ಮನೆ ಆರಿಸುವ ಹಾಗಿಲ್ಲ. ಸರದಿ ಪ್ರಕಾರ ಯಾವ ಮನೆಗೆ ಬರುತ್ತದೋ ಅಲ್ಲಿಗೆ ಹೋಗಬೇಕು, ಬಂದ ದುಡ್ಡನ್ನು ಊರೆಲ್ಲ ಹಂಚಿಕೊಳ್ಳುತ್ತದೆ. ರಸ್ತೆ ಬದಿಯ ಮನೆಗೇ ಎಲ್ಲ ಲಾಭ ಹೋಗುವುದು ತಪ್ಪಿತು ನೋಡಿ. ನಮ್ಮೂರಲ್ಲಿ ಇಂಥ ಒಪ್ಪಂದ ಒಂದು ವಾರ ನಡೆದೀತಾ ಅಂತ ನಾವಿಬ್ಬರೂ ಮಾತಾಡಿಕೊಂಡೆವು.

ಸರದಿಯ ಮನೆಯಲ್ಲಿ ಎರಡು ರಾತ್ರಿ ಇದ್ದೆವು. ನಡುವೆ ಬುಖಾರಿ ಒಲೆ, ಅದಕ್ಕೆ ಬೆರಣಿ, ಯಾಕ್‌ನದ್ದೂ ಹಸುವಿನದ್ದೂ. ಮಾಂಸ ತಿನ್ನುವುದಿಲ್ಲ ಅಂತ ಮೊದಲೇ ಹೇಳಿಸಿದ್ದೆವು, ತರಕಾರಿ ಹಾಕಿದ ನೂಡಲ್ಸ್ ಸೂಪು ತುಕ್ಪಾ, ಬಟಾಣಿ ಪಲ್ಯ, ಅನ್ನ ಸಿಕ್ಕಿತು. ಎರಡನೇ ಬೆಳಿಗ್ಗೆ ಆ ಮನೆಯ ಆಮಾ ಒಂದು ಬಟ್ಟಲಿಗೆ ಉಪ್ಪು-ಬೆಣ್ಣೆಯ ಚಹಾ ಹಾಕಿ, ಮೇಲೆ ಕಂದು ಹಿಟ್ಟು ಸುರಿದು, ಮೂರು ಬೆರಳಲ್ಲಿ ಬಟ್ಟಲು ತಿರುಗಿಸುತ್ತಾ ಕಲಸಿ ಉಂಡೆ ಕಟ್ಟಿದಳು. ಬಾರ್ಲಿಯ ತ್ಸಾಂಪಾ. ವಾಸನೆ ಮೂಗಿಗೆ ಬಡಿದದ್ದೇ ತಡ, ನಾವಿಬ್ಬರೂ ಒಟ್ಟಿಗೆ ಅಂದೆವು, "ಹುರಿಹಿಟ್ಟು!" ನಮ್ಮ ಬ್ಯಾಗಲ್ಲೇ ಇತ್ತು, ದಾರಿಗೆ ಅಂತ ತಂದ ರಾಗಿ ಹುರಿಹಿಟ್ಟು, ಬೆಲ್ಲ. ತೆಗೆದು ಕೊಟ್ಟೆವು. ಆಮಾ ಅದನ್ನೂ ಅದೇ ಉಪ್ಪಿನ ಚಹಾಕ್ಕೆ ಹಾಕಿ ಕಲಸಿದಳು. ನಾವು ಬೇಡ ಬೇಡ ಅನ್ನುವುದರೊಳಗೆ ತಿಂದೂ ಆಯಿತು. ಬಣ್ಣ ಯಾಕೆ ಕಪ್ಪು ಅಂತ ಕೇಳಿದಳು. ರಾಗಿಯನ್ನು ಹಿಂದಿಯಲ್ಲಿ ವಿವರಿಸುವುದು ನನ್ನ ಕೈಲಿ ಆಗಲಿಲ್ಲ. ಉಂಡೆ ಕೊಬ್ಬರಿಯನ್ನಂತೂ ಅವಳ ಮೊಮ್ಮಗ ಚೆಂಡು ಅಂತಲೇ ತಿಳಿದ.

ದೇಮುಲ್‌ನಿಂದ ಲಿಂಗ್ತಿ ನದಿಗೆ ಇಳಿಯುವ ದಾರಿಯಲ್ಲಿ ಮೊಣಕಾಲು ಮಾತಾಡಿದವು. ಸಡಿಲ ಜಲ್ಲಿ, ಕಡಿದಾದ ಇಳಿಜಾರು. ಎರಡು ವಾಕಿಂಗ್ ಸ್ಟಿಕ್ ಇಲ್ಲದೆ ನನ್ನ ವಯಸ್ಸಿನವರು ಅಲ್ಲಿಗೆ ಕಾಲಿಡಬೇಡಿ. ಒಂದೆಡೆ ನಾನು ಕೂತುಕೊಂಡೇ ಇಳಿದೆ, ಪ್ಯಾಂಟು ಹರಿಯಿತು. ಆಚೆ ದಡದ ಲಾಲುಂಗ್‌ನಲ್ಲಿ ಲಾಮಾ ಒಬ್ಬರು ಬೀಗ ತೆಗೆದು ಸೆರ್ಖಾಂಗ್ ಅನ್ನುವ ಹಳೇ ಗುಡಿ ತೋರಿಸಿದರು. ಸಣ್ಣ ಕತ್ತಲೆ ಕೋಣೆ, ಟಾರ್ಚ್ ಹಾಕಿದರೆ ಗೋಡೆ ತುಂಬ ಗಾರೆಯ ದೇವತೆಗಳು. ಸಾವಿರ ವರ್ಷದ ಹಿಂದಿನ ಅನುವಾದಕ ಗುರು ರಿಂಚೆನ್ ಜಾಂಗ್ಪೋ ಕಟ್ಟಿಸಿದ್ದು ಅನ್ನುವುದು ಊರವರ ನಂಬಿಕೆ.

ಧನಕರ್‌ನಲ್ಲಿ ನಡಿಗೆ ಮುಗಿಯಿತು. ಹಿಂದೆ ಸ್ಪಿತಿಯ ರಾಜಧಾನಿ ಅದು. ಗೊಂಪಾ ಮಣ್ಣಿನ ಕೊರಕಲಿನ ತುದಿಗೆ ಅಂಟಿಕೊಂಡಿದೆ, ಕೆಳಗೆ ಸ್ಪಿತಿ ಮತ್ತು ಪಿನ್ ನದಿಗಳು ಸೇರುತ್ತವೆ. ಗೈಡಿಗೆ, ಕತ್ತೆಯವನಿಗೆ ಅಲ್ಲೇ ಲೆಕ್ಕ ಚುಕ್ತಾ ಮಾಡಿದೆವು, ನಗದಿನಲ್ಲಿ. ಹಳ್ಳಿಗಳಲ್ಲಿ ನೆಟ್‌ವರ್ಕ್ ನಂಬಿಕೊಂಡು ಫೋನ್ ಪೇ ಮಾಡ್ತೀನಿ ಅನ್ನಬೇಡಿ. ಕಾಜಾದ ಎಟಿಎಂ ಅನ್ನೂ ನಂಬಬೇಡಿ, ಶಿಮ್ಲಾದಲ್ಲೇ ತೆಗೆದಿಟ್ಟುಕೊಳ್ಳಿ.

ದೇಮುಲ್‌ನ ಆಮಾ ಹೊರಡುವಾಗ ಒಂದು ಬಟ್ಟೆ ಚೀಲದಲ್ಲಿ ತ್ಸಾಂಪಾ ಕಟ್ಟಿಕೊಟ್ಟಿದ್ದಳು, ಒಂದು ಕೆಜಿ ಇರಬಹುದು. ತಿಪಟೂರಿಗೆ ಬಂದ ಮೇಲೆ ವಾರಗಿತ್ತಿ ಅದನ್ನು ಬೆಲ್ಲದ ನೀರು, ತುಪ್ಪ, ಏಲಕ್ಕಿ ಹಾಕಿ ಕಲಸಿ ಅತ್ತೆಯವರ ಮುಂದಿಟ್ಟಳು. ಎಂಬತ್ತು ದಾಟಿದ ಅತ್ತೆ ಒಂದು ತುತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ನುಂಗಿದರು.

"ಯಾರ ಮನೇದು? ಚೆನ್ನಾಗಿದೆ. ಒಂಚೂರು ಜಾಸ್ತಿ ಹುರಿದಿದ್ದಾರೆ."